ಚಪ್ಪಲಿಯ ಉದ್ದ, ರೊಟ್ಟಿಯ ಲೆಕ್ಕ

ಮುಂದಾಗುವುದನ್ನು ಮೊದಲೇ ಹೇಳುವವರ ಮೇಲೆ ನನಗೆ ಚಿಕ್ಕಂದಿನಿಂದ ಹೊಟ್ಟೆಕಿಚ್ಚು. ಬಸ್ ಸ್ಟ್ಯಾಂಡಿನಲ್ಲಿ ಚೀಟಿ ಎತ್ತುವ ಗಿಳಿಗೆ ಸಿಗುವ ಮರ್ಯಾದೆ, ಪಿಯುಸಿ ಎರಡನೇ ವರ್ಷ ಓದುವ ನನಗೆ ನಮ್ಮ ಮನೆಯಲ್ಲಿ ಸಿಕ್ಕಿರಲಿಲ್ಲ. ಹೀಗಿರುವಾಗ ಬೀದರಿನ ಕಾಲೇಜಿನಲ್ಲಿ ಒಂದು ಮಧ್ಯಾಹ್ನ ನಮ್ಮ ಸರ್ ಬೋರ್ಡಿನ ಮೇಲೆ ಒಂದಿಷ್ಟು ಚುಕ್ಕೆ ಚೆಲ್ಲಿ, ನಡುವೆ ಗೆರೆ ಎಳೆದು, "ಒಂದರ ಅಳತಿ ಗೊತ್ತಿದ್ರ ಇನ್ನೊಂದರ ಅಳತಿ ಅಂದಾಜು ಹೇಳಬಹುದು. ಇದಕ್ಕ ರಿಗ್ರೆಷನ್ ಅಂತಾರ" ಎಂದರು. ಉಳಿದವರು ಆ ಗೆರೆಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡರು. ನಾನು ಅದನ್ನೇ ಹತ್ತಿಕೊಂಡು ಹೊರಟುಬಿಟ್ಟೆ. ಔರಾದಕ್ಕೆ ಮರಳುವ ಬಸ್ಸಿನ ಕಿಟಕಿಗೆ ತಲೆ ಆನಿಸಿದರೆ, ತೊಗರಿ ಹೊಲಗಳ ಮೇಲೆ ಹಾರುವ ಹಕ್ಕಿಗಳೆಲ್ಲ ಚುಕ್ಕೆಗಳು, ಕರೆಂಟಿನ ತಂತಿ ಅವುಗಳ ನಡುವಿನ ಗೆರೆ. ಆ ತಂತಿ ಕಂಬದಿಂದ ಕಂಬಕ್ಕೆ ಜೋಲುತ್ತ, ಏರುತ್ತ, ನನ್ನನ್ನು ಇನ್ನೂ ಆಗದ ದಿನಗಳೊಳಗೆ ಕರೆದೊಯ್ಯುತ್ತಿತ್ತು. "ಏ ತಮ್ಮಾ, ಔರಾದ ಬಂದು ಹತ್ತು ಮಿನಿಟಾಯ್ತು. ಇಳೀತಿಯೋ, ವಾಪಸ್ ಬೀದರಿಗೇ ಬರ್ತಿಯೋ?" ಎಂದು ಕಂಡಕ್ಟರ್ ಕೇಳಿದಾಗಲೇ ನನಗೆ ಎಚ್ಚರ.

ಮನೆಯಲ್ಲಿ ಒಂದು ಪೇಚು ಕಾದಿತ್ತು. ಎಳ್ಳ ಅಮಾವಾಸ್ಯೆ ಹತ್ತಿರ ಬಂದಿತ್ತು. ಅಂದು ನಮ್ಮ ಕಡೆ ಎಲ್ಲರ ಊಟವೂ ಹೊಲದಲ್ಲಿ. ಅವ್ವ ಪ್ರತಿವರ್ಷ ಗುಡ್ಡದಷ್ಟು ಸಜ್ಜೆ ರೊಟ್ಟಿ ಬಡಿಯುತ್ತಾಳೆ. ಈ ಸಲ ಅವಳ ಮಣಿಕಟ್ಟು ನೋಯುತ್ತಿತ್ತು. ಹಾಗಂತ ಹೊಲಕ್ಕೆ ಬಂದವರು ಅರೆಹೊಟ್ಟೆಯಲ್ಲಿ ಎದ್ದರೆ ಅವಳು ವರ್ಷವೆಲ್ಲ ಓಣಿಯಲ್ಲಿ ತಲೆ ಎತ್ತುವುದಿಲ್ಲ. "ಕೈ ನೋಯ್ಸ್ಕೋಬ್ಯಾಡವ್ವಾ, ಸರಿಯಾಗಿ ಎಷ್ಟು ಬೇಕೋ ಅಷ್ಟೇ ಮಾಡು. ಲೆಕ್ಕಾ ನಾ ಕೊಡ್ತೀನಿ" ಎಂದೆ.

ದೊಡ್ಡ ಮನುಷ್ಯನಿಗೆ ದೊಡ್ಡ ಹೊಟ್ಟೆ, ದೊಡ್ಡ ಮನುಷ್ಯನಿಗೆ ದೊಡ್ಡ ಕಾಲು. ಹೊಟ್ಟೆ ಅಳೆಯಲು ಯಾರೂ ಬಿಡುವುದಿಲ್ಲ. ಚಪ್ಪಲಿಯನ್ನಾದರೋ ಅವರೇ ಬಾಗಿಲಲ್ಲಿ ಬಿಟ್ಟು ಬರುತ್ತಾರೆ. ಒಂದು ವಾರ ಮನೆಗೆ ಬಂದವರೆಲ್ಲರ ಚಪ್ಪಲಿ ಅಳೆದೆ, ಒಳಗೆ ಬಂದು ಅವರ ತಾಟಿಗೆ ಬಿದ್ದ ರೊಟ್ಟಿ ಎಣಿಸಿ, ಚುಕ್ಕೆ ಇಟ್ಟು ಗೆರೆ ಎಳೆದೆ. ಭಾಲ್ಕಿಯಿಂದ ಬಂದ ಸೋದರಮಾವನ ಕೈಗೆ ಮಾತ್ರ ಸಿಕ್ಕಿಬಿದ್ದೆ.

"ಏನೋ ಅಳಿಯಾ, ಕದಿಯೂದಾದ್ರ ನಿನಗ ದೊಡ್ಡವಾಗ್ತಾವ್ ನೋಡು."

"ಇಲ್ರಿ ಮಾಮಾ, ಅಳೀಲತ್ತೀನ್ರಿ. ನೀವು ಎಷ್ಟ್ ರೊಟ್ಟಿ ಉಣ್ತೀರಿ ಅಂತ ಗೊತ್ತಾಗ್ಲಾಕ."

ಮಾಮಾ ತಮ್ಮ ಪಾದಗಳನ್ನು ಬಹಳ ಹೊತ್ತು ನೋಡಿಕೊಂಡು, ಒಳಗೆ ಕೂಗಿದರು: "ಅಕ್ಕಾ, ನಿನ್ನ ಮಗಗ ದವಾಖಾನಿಗಿ ತೋರ್ಸು!" ಆಮೇಲೆ ಏಳು ರೊಟ್ಟಿ ಉಂಡರು. ಆ ಏಳು ನನ್ನ ಗೆರೆಯ ಮೇಲೆ ಮುತ್ತಿನ ಹಾಗೆ ಹೋಗಿ ಕೂತಿತು.

ಹಬ್ಬಕ್ಕೆ ಕರೆದವರು, ನಾವು ಎಲ್ಲ ಸೇರಿ ಒಂಬತ್ತು ಮಂದಿ. ನಡುಮನೆಯಲ್ಲಿ ನಿಂತು ಎದೆಯುಬ್ಬಿಸಿ ಘೋಷಿಸಿದೆ: "ನಲವತ್ತೊಂದು ರೊಟ್ಟಿ! ಒಂದು ಹೆಚ್ಚಿಲ್ಲ, ಒಂದು ಕಡಿಮಿ ಇಲ್ಲ!"

"ಖರೇನೇನೋ?" ಎಂದಳು ಅವ್ವ.

"ನನ್ನ ಮ್ಯಾಲ ಭರೋಸಾ ಇಲ್ಲೇನು?"

"ಅದ ಅದ. ಎಷ್ಟ್ ಗಟ್ಟಿ ಹೇಳ್ತಿ ಅಂತ ನೋಡ್ದೆ, ಅಷ್ಟೇ."

ಹಬ್ಬದ ಬೆಳಗ್ಗೆ ತಲೆಗಿಂತ ಎತ್ತರದ ಜೋಳದ ನಡುವೆ, ಇಬ್ಬನಿ ತಾಗಿಸಿಕೊಳ್ಳುತ್ತ ಬುಟ್ಟಿ ಹೊತ್ತು ನಡೆದೆ. ತೆನೆಗಳೆಲ್ಲ ನನ್ನನ್ನು ನೋಡಿಯೇ ತಲೆದೂಗುತ್ತಿವೆ ಅನಿಸಿತು. ಜೋಳದ ದಂಟಿನ ಕೊಂಪಿಯೊಳಗೆ ಪೂಜೆ ಮುಗಿಯಿತು. ಅಪ್ಪ ನಾಲ್ಕು ರೊಟ್ಟಿ ಮುರಿದು, ಕಾಳು-ಸೊಪ್ಪಿನ ಭಜ್ಜಿಯ ಜೊತೆ ಕಲಸಿ, ಭೂತಾಯಿಯ ಪಾಲಿನ ಚರಗವೆಂದು ಹೊಲದ ತುಂಬ ಚೆಲ್ಲಿದ. ಬುಟ್ಟಿಯಲ್ಲಿ ಉಳಿದದ್ದನ್ನು ಎಣಿಸಿದೆ: ಮೂವತ್ತೇಳು. ಭೂತಾಯಿಗೆ ಚಪ್ಪಲಿ ಇಲ್ಲ. ಹಾಗಾಗಿ ನನ್ನ ಪಟ್ಟಿಯಲ್ಲಿ ಅವಳ ಹೆಸರೇ ಇರಲಿಲ್ಲ.

ಆಮೇಲೆ ಅಪ್ಪ ಬದುವಿನ ಮೇಲೆ ನಿಂತ. ಅಂದು ದಾರಿಹೋಕರನ್ನು ಉಣಿಸದೆ ಕಳಿಸುವುದುಂಟೆ? "ಓ ಕಾಕಾ, ಹಂಗೇ ಹೊಂಟ್ರಲ್ಲಾ! ಬರ್ರಿ, ಉಂಡು ಹೋಗ್ರಿ!" ಡಾಬಕಾ ಕಡೆ ಹೊರಟಿದ್ದ ಮೋಟಾರ್‌ಸೈಕಲ್ ನಿಂತಿತು. ಬರಿಗಾಲಿನ ಒಬ್ಬ ಮುದುಕರು ಬಂದರು. ನನ್ನ ಸೂತ್ರದಲ್ಲಿ ಚಪ್ಪಲಿಯ ಉದ್ದ ಸೊನ್ನೆ ಎಂದು ಹಾಕಿದರೆ ಉತ್ತರ ಮೈನಸ್ ಎರಡು, ಅಂದರೆ ಅವರೇ ನಮಗೆ ಎರಡು ರೊಟ್ಟಿ ವಾಪಸ್ ಕೊಡಬೇಕಿತ್ತು. ಅವರು ಆರು ಉಂಡರು. ಏಳರ ಮಾಮಾ ಎರಡಕ್ಕೇ ಕೈ ತೊಳೆದರು: "ಬರೋ ಹಾದ್ಯಾಗ ಮೂರು ಹೊಲದವ್ರು ಬಿಡ್ಲೇ ಇಲ್ಲಪಾ!"

ಅಷ್ಟರಲ್ಲಿ ಬುಟ್ಟಿಯ ತಳದ ಬಟ್ಟೆ ಕಾಣಿಸಿತು. ಅಪ್ಪನ ಕೂಗಿಗೆ ಒಂದು ಟಂಟಂ ಆಟೋ ನಿಂತು, ಅದರೊಳಗಿಂದ ಒಂದು ಇಡೀ ಮನೆತನ ಇಳಿಯುತ್ತಿತ್ತು. ನಾನು ಮೆಲ್ಲಗೆ ಜೋಳದೊಳಗೆ ಹೆಜ್ಜೆಯಿಟ್ಟೆ. ಒಳಗೆ ಹಸಿರು ಬೆಳಕು, ಎಲೆಗಳ ಸರಸರ. ಇಲ್ಲಿಯೇ ಒಂದು ಗಿಡವಾಗಿ ನಿಂತುಬಿಟ್ಟರೆ ಸುಗ್ಗಿಯವರೆಗೆ ಯಾರೂ ಗುರುತಿಸಲಾರರು.

"ಏ ಲೆಕ್ಕದವನೇ!" ಅವ್ವನ ದನಿ. "ಕೊಂಪಿ ಹಿಂದ ಇನ್ನೊಂದು ಬುಟ್ಟಿ ಅದ, ತಗೊಂಡ್ ಬಾ."

ಇತ್ತು. ಮೊದಲಿನದಕ್ಕಿಂತ ಭಾರವಾಗಿತ್ತು.

"ಇದು ಯಾವಾಗ ಮಾಡ್ದಿ?"

"ನೀ ನಲವತ್ತೊಂದು ಅಂತ ಒದರಿದ್ಯಲ್ಲ, ಅವತ್ತೇ ಬಾಜೂ ಮನಿ ಕಾಕಿಗಿ ಮಾಡ್ಲಾಕ ಹೇಳ್ದೆ. ನೀ ಮೆಲ್ಲಗ ಹೇಳಿದ್ದು ಒಂದೀಟು ತಪ್ಪಿರ್ತದ. ಎದಿ ಉಬ್ಬಿಸಿ ಹೇಳಿದ್ದು ಅರ್ಧಕ್ಕರ್ಧ ತಪ್ಪಿರ್ತದ. ಹುಟ್ಟಿದಾಗಿಂದ ನೋಡ್ಲತ್ತೀನಿ."

ನನ್ನದು ಒಂದು ವಾರದ ಚುಕ್ಕೆ, ಅವಳದು ಹದಿನೇಳು ವರ್ಷದ್ದು. ಅವಳ ಗೆರೆ ಬಿಟ್ಟು ಆಚೀಚೆ ಕೂತ ಚುಕ್ಕೆ ಒಂದೂ ಇರಲಿಕ್ಕಿಲ್ಲ. ಎಲ್ಲರೂ ಉಂಡೆದ್ದ ಮೇಲೆ ನಾನು ತಾಟು ಹಿಡಿದು ಅವಳೆದುರು ಕೂತೆ. ತಪ್ಪು ಕಡಿಮೆ ಬರಲೆಂದು ಆದಷ್ಟು ಮೆಲ್ಲಗೆ ಹೇಳಿದೆ: "ನನಗ ಎರಡೇ ಸಾಕವ್ವಾ."

ಅವಳು ಐದು ಹಾಕಿದಳು. ಐದೂ ಖಾಲಿಯಾದವು.