ಕೊಯ್ಯಬಾರದ ದಿನದ ಉಂಡಿಗಳು

ಪಂಚಮಿ ಬಂತೆಂದರೆ ನಮ್ಮ ಮನೆಯಲ್ಲಿ ಏನಾದರೊಂದು ಆಗಿಯೇ ಆಗುತ್ತದೆ. ಕೇಳಿದವರು ನಗುತ್ತಾರೆ. ಆಗುವ ಹೊತ್ತಿನಲ್ಲಿ ಮನೆಯೊಳಗಿದ್ದ ಯಾರೂ ನಕ್ಕದ್ದನ್ನು ನಾನು ಕಂಡಿಲ್ಲ. ನನಗೆ ಮಾತು ಕಡಿಮೆ. ಒಂದೇ ಒಂದು ಪಂಚಮಿಯದನ್ನು ಬರೆಯುತ್ತೇನೆ.

ಆಗ ನಾವು ಪುಣೆಯ ಪೇಟೆಯೊಂದರಲ್ಲಿ, ಹಳೆಯ ವಾಡೆಯ ಕೆಳಗಿನ ಮೂರು ಕೋಣೆಗಳಲ್ಲಿ ಇದ್ದೆವು. ವಾಡೆಗೆ ಇನ್ನೂ ಬಿಜಲಿ ದೀಪ ಬಂದಿರಲಿಲ್ಲ. ನಾನು ಧಾರವಾಡ ಕಡೆಯವನು, ಸರಕಾರಿ ಕಚೇರಿಯಲ್ಲಿ ಕಾರಕೂನ. ಹಿರಿಯ ಮಗಳು ಹೆರಿಗೆಗೆ ಬಂದಿದ್ದಳು. ಹಿಂದಿನ ವರ್ಷ ಅವಳ ಚೊಚ್ಚಲ ಕೂಸು ಒಂದು ದಿನವೂ ಉಳಿದಿರಲಿಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಎಲ್ಲರ ತಲೆಯಲ್ಲೂ ಅದೇ ಇತ್ತು.

೧. ಗಂಟು

ನಾಗರ ಪಂಚಮಿಯ ದಿನ ಒಲೆಯ ಮೇಲೆ ಹಂಚು ಇಡಬಾರದು. ಕರಿಯಬಾರದು. ಏನನ್ನೂ ಹೆಚ್ಚಬಾರದು, ಕೊಯ್ಯಬಾರದು. ಕೊಯ್ದರೆ ನಾಗಪ್ಪನಿಗೆ ನೋವಾಗುತ್ತದೆ. ಆ ಸಿಟ್ಟು ಮನೆಯ ಕೂಸಿಗೆ ತಟ್ಟುತ್ತದೆ. ಬೇರೆ ವರ್ಷ ನನ್ನ ಹೆಂಡತಿ ಇದನ್ನು ಹೇಳಿ ಸುಮ್ಮನಾಗುತ್ತಿದ್ದಳು. ಆ ವರ್ಷ ಹೇಳಿ ಸುಮ್ಮನಾಗಲಿಲ್ಲ.

ಹಿಂದಿನ ದಿನವೇ ಈಳಿಗೆ, ಚಾಕು, ಕತ್ತರಿ, ಕುಡಗೋಲು, ನನ್ನ ಕ್ಷೌರದ ಕತ್ತಿ ಎಲ್ಲವನ್ನೂ ಹಳೆಯ ಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು. ಆರು ವರ್ಷದ ಕಿರಿಯ ಮಗಳನ್ನು ಕರೆದಳು.

"ಇದನ್ನ ಎಲ್ಲೆರೆ ಮುಚ್ಚಿಡು. ನಾಳೆ ಯಾರು ಕೇಳಿದ್ರೂ ಕೊಡಬ್ಯಾಡ."

"ಅಪ್ಪ ಕೇಳಿದ್ರ?"

"ಅಪ್ಪಗಂತೂ ಕೊಡಲೇಬ್ಯಾಡ."

ಹುಡುಗಿ ನನ್ನನ್ನು ಒಮ್ಮೆ ನೋಡಿದಳು. ಕಳ್ಳನನ್ನು ಪೊಲೀಸಿನವ ನೋಡುವ ಹಾಗೆ. ಗಂಟನ್ನು ಎಳೆದುಕೊಂಡು ಹೋದಳು.

ಅವಳ ನೋಟ ಸರಿಯಾಗಿಯೇ ಇತ್ತು. ನನ್ನ ಅಂಗಿಯ ಕಿಸೆಯಲ್ಲಿ ಅಡಕತ್ತರಿ ಇತ್ತು. ನಾನು ಹೇಳಲಿಲ್ಲ. ಯಾರೂ ಕೇಳಿರಲಿಲ್ಲ.

೨. ಕೊಬ್ಬರಿ

ಪಂಚಮಿಯ ದಿನ ಬೆಳಿಗ್ಗೆ ಮಗಳಿಗೆ ಸೊಂಟ ಹಿಡಿದುಕೊಂಡಿತು. ದಿನ ತುಂಬಲು ಇನ್ನೂ ಹದಿನೈದು ದಿನ ಇತ್ತು. ಹೆಂಡತಿ ಅವಳ ಮಗ್ಗುಲು ಬಿಟ್ಟು ಏಳಲಿಲ್ಲ. ಬಾಗಿಲಲ್ಲಿ ತಲೆ ಹಾಕಿ ನನಗೆ ಹೇಳಿದಳು:

"ಏನ್ರಿ, ಹುಡುಗರನ್ನ ಕರ್ಕೊಂಡು ಉಂಡಿ ನೀವ ಕಟ್ರಿ. ನಾಗಪ್ಪಗ ಎಡಿ ತಪ್ಪಬಾರದು. ಈ ವರ್ಷ ತಪ್ಪಬಾರದು."

ನಾನು "ಹೂಂ" ಎಂದೆ. ಉಂಡಿ ತಿನ್ನುವುದು ಬಿಟ್ಟರೆ ನನಗೆ ಅದರ ಬಗ್ಗೆ ಏನೂ ಗೊತ್ತಿರಲಿಲ್ಲ.

ತಂಬಿಟ್ಟಿನ ಹಿಟ್ಟು ತಯಾರಿತ್ತು. ಎಳ್ಳು, ಶೇಂಗಾ ಹಿಂದಿನ ದಿನವೇ ಹುರಿದಿಟ್ಟಿದ್ದಳು. ಬೆಲ್ಲದ ಪೆಂಟಿ ಬಾರಾಮತಿ ಕಡೆಯದು, ಕಲ್ಲಿನಂಥದ್ದು. ಕೊಯ್ಯುವಂತಿಲ್ಲ. ಒಂಬತ್ತು ವರ್ಷದ ಮಗ ಗುಂಡುಕಲ್ಲಿನಿಂದ ಒಡೆದ. ಅರ್ಧ ಬೆಲ್ಲ ಪಾತ್ರೆಗೆ ಬಂತು, ಅರ್ಧ ಅಂಗಳಕ್ಕೆ ಹೋಯಿತು. ಉಳಿದದ್ದು ಒಣಕೊಬ್ಬರಿ.

"ಅಪ್ಪಾ, ತುರಿದ್ರ ಕೊಯ್ದಂಗ ಆಗ್ತದೇನು?" ಎಂದ ಮಗ.

"ಆಗ್ತದ."

"ಹಲ್ಲಿಲೆ ಕಡಿದ್ರ?"

ಯೋಚಿಸಿದೆ. "ಇಲ್ಲ" ಎಂದೆ. ತಿನ್ನಲು ಕೇಳುತ್ತಿದ್ದಾನೆ ಎಂದುಕೊಂಡೆ.

ತಂಬಿಟ್ಟಿಗೆ ತುಪ್ಪ ಕಲಸಿ ತಿರುಗಿ ನೋಡಿದರೆ ಮಕ್ಕಳಿಬ್ಬರೂ ಮೂಲೆಯಲ್ಲಿ ಕೂತಿದ್ದಾರೆ. ಗಲ್ಲ ಉಬ್ಬಿವೆ. ನಡುವೆ ಬಟ್ಟಲು. ಅಗಿದು ಅಗಿದು ಅದಕ್ಕೆ ಉಗುಳುತ್ತಿದ್ದಾರೆ. ಕೊಬ್ಬರಿ ಸಣ್ಣಗಾಗಿತ್ತು. ಆಗಲೇ ಅದರಿಂದ ಆರು ಉಂಡಿ ಕಟ್ಟಿಯೂ ಆಗಿತ್ತು.

ಎಂಜಲು ಉಂಡಿ. ನಾಗಪ್ಪನ ಹಬ್ಬ. ಆ ಆರನ್ನೂ ಬೇರೆ ತಟ್ಟೆಗೆ ಹಾಕಿ ಕಿಟಕಿಯಲ್ಲಿಟ್ಟೆ. ನಾಗಪ್ಪನಿಗೆ ಕೊಬ್ಬರಿಯಿಲ್ಲದ ಬೇರೆ ಉಂಡಿ ಕಟ್ಟಿಸಿದೆ.

ಮೇಲಿನ ಮಹಡಿಯ ಮರಾಠಿ ಮುದುಕಿ, ನಾವು ಕಾಕು ಎಂದು ಕರೆಯುವವರು, ಮಗಳನ್ನು ನೋಡಲು ಬಂದರು. ಎಂಜಲೆಂದರೆ ಮೂರು ಸಲ ಕೈ ತೊಳೆಯುವವರು. ಬಾಯಲ್ಲಿ ಒಂದೇ ಹಲ್ಲು. ಹೋಗುವಾಗ ಕಿಟಕಿಯ ತಟ್ಟೆಯಿಂದ ಒಂದು ಉಂಡಿ ತೆಗೆದು ಬಾಯಿಗೆ ಹಾಕಿಕೊಂಡರು. ನಾನು ಕೈ ಎತ್ತುವಷ್ಟರಲ್ಲಿ ನುಂಗಿದರು. ಕೊಬ್ಬರಿ ಇಷ್ಟು ಮೆತ್ತಗೆ ಹೇಗೆ ಮಾಡಿದಿರಿ ಎಂದು ಕೇಳಿದರು.

"ಅದಕ್ಕ ಹಲ್ಲು ಬೇಕು" ಎಂದೆ. ಕಾಕು ಮುಖ ಊದಿಸಿಕೊಂಡು ಮೇಲೆ ಹೋದರು.

೩. ತಂಬಿಟ್ಟಿನ ಹಾವು

ಮಣ್ಣಿನ ನಾಗಪ್ಪನನ್ನು ದೇವರ ಮುಂದೆ ಇಟ್ಟಿದ್ದೆವು. ಮಗ ಅದನ್ನು ನೋಡಿಕೊಂಡು ಉಳಿದ ತಂಬಿಟ್ಟಿನಲ್ಲಿ ಇನ್ನೊಂದು ಮಾಡಿದ. ಗೇಣುದ್ದದ ಹಾವು. ಹೆಡೆ, ಎಳ್ಳಿನ ಕಣ್ಣು. ಚೆನ್ನಾಗಿಯೇ ಇತ್ತು. ಕಿರಿಯವಳು ಅದನ್ನು ಕಂಡು ಕಿರುಚಿ ನನ್ನ ಧೋತರ ಹಿಡಿದುಕೊಂಡಳು.

ಹತ್ತು ನಿಮಿಷ ಬಿಟ್ಟು ನೋಡಿದರೆ ಹೆಡೆಯೊಂದೇ ಇತ್ತು.

"ಉಳಿದದ್ದು?"

ಮಗ ಅಳತೊಡಗಿದ. "ಹಸಿವಾಗಿತ್ತು. ನಾಗಪ್ಪ ಅನ್ನೂದು ಮರ್ತಬಿಟ್ಟೆ. ಈಗ ಅಕ್ಕನ ಕೂಸಿಗೆ ಏನರೆ ಆಗ್ತದೇನಪ್ಪಾ?"

ಒಳಗೆ ಮಗಳು ನರಳಿದ್ದು ಕೇಳಿಸಿತು. ಏನೂ ಆಗುವುದಿಲ್ಲ ಎನ್ನಬೇಕಿತ್ತು. ಬೇರೆ ಏನೋ ಕೇಳಿದೆ.

"ಹೆಡಿ ಯಾಕ ಬಿಟ್ಟಿ?"

"ಆ ಕಡೆಯಿಂದ ತಿಂದ್ರ ಕಚ್ಚತಿತ್ತಲ್ಲ!"

೪. ಒಂದು ಅಡಿಕೆ

ಹೆದರಿಕೆಯಾದರೆ ಕೆಲವರು ದೇವರ ಹೆಸರು ಹೇಳುತ್ತಾರೆ. ನಾನು ಅಡಿಕೆ ಹಾಕಿಕೊಳ್ಳುತ್ತೇನೆ. ಬೆಳಿಗ್ಗೆಯಿಂದ ಹಾಕಿರಲಿಲ್ಲ. ಮಕ್ಕಳನ್ನು ಉಂಡಿಯ ಮುಂದೆ ಕೂಡಿಸಿ ಹಿತ್ತಲಿಗೆ ಹೋದೆ. ಬಚ್ಚಲ ಗೋಡೆಯ ಹಿಂದೆ ನಿಂತೆ. ಅಡಕತ್ತರಿ ತೆಗೆದೆ. ಕೈ ತಡೆಯಿತು. ಒಂದೇ ಅಡಿಕೆಯಲ್ಲವೇ ಎಂದುಕೊಂಡೆ. ಒತ್ತಿದೆ.

ಕಟಕ್.

ಅದೇ ಕ್ಷಣ ಒಳಗಿನಿಂದ ಮಗಳು "ಅವ್ವಾ" ಎಂದು ಕೂಗಿದಳು. ಅಂಥ ಕೂಗನ್ನು ನಾನು ಹಿಂದಿನ ವರ್ಷ ಒಮ್ಮೆ ಕೇಳಿದ್ದೆ.

ನಾನು ಓದಿದವನು. ಅಡಿಕೆಗೂ ಹೆರಿಗೆಯ ಬೇನೆಗೂ ಸಂಬಂಧವಿಲ್ಲ ಎಂದು ಗೊತ್ತಿದ್ದವನು. ಆದರೂ ಆ ಎರಡು ಹೋಳುಗಳನ್ನು ಜೋಡಿಸಿ ಬಿಗಿಯಾಗಿ ಹಿಡಿದು ನೋಡಿದೆ. ಕೂಡಲಿಲ್ಲ.

೫. ಚಾಕು

ಟಾಂಗಾ ಮಾಡಿಕೊಂಡು ಹೋಗಿ ಸೂಲಗಿತ್ತಿಯನ್ನು ಕರೆತಂದೆ. ಮರಾಠಿಯಾಕೆ, ಗಟ್ಟಿ ಹೆಂಗಸು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನೂ ಮಕ್ಕಳೂ ಪಡಸಾಲೆಯಲ್ಲಿ ಕೂತೆವು. ಸುಮ್ಮನಿರಲಾಗದೆ ಉಂಡಿ ಕಟ್ಟಿದೆವು. ಕಟ್ಟಿದ್ದನ್ನು ಒಡೆದು ಮತ್ತೆ ಕಟ್ಟಿದೆವು. ಮಧ್ಯಾಹ್ನವಾಯಿತು. ಯಾರೂ ಒಂದು ತುಣುಕು ತಿನ್ನಲಿಲ್ಲ.

ಒಮ್ಮೆಲೇ ಕೂಗು ನಿಂತಿತು. ಕೂಸಿನ ದನಿ ಇಲ್ಲ. ನಾನು ಎದ್ದು ನಿಂತೆ.

"ಚಾಕೂ ದ್ಯಾ! ಚಾಕೂ!" ಎಂದು ಸೂಲಗಿತ್ತಿ ಒಳಗಿನಿಂದ ಅರಚಿದಳು.

ಹೊಕ್ಕಳ ಬಳ್ಳಿ ಕೊಯ್ಯಬೇಕು. ಪಂಚಮಿ ಎಂದು ಆಕೆ ತನ್ನ ಚಾಕನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು.

ಹೆಂಡತಿ ಬಾಗಿಲು ತೆರೆದಳು. "ಗಂಟು ತಾ! ಲಗೂನ!"

ಕಿರಿಯವಳು ಗೋಡೆಗೆ ಬೆನ್ನು ಹಚ್ಚಿದಳು. "ಕೊಡೂದಿಲ್ಲ."

"ನಾನ ಕೇಳಾಕತ್ತೀನಿ!"

"ಯಾರು ಕೇಳಿದ್ರೂ ಅಂದಿದ್ದಿ. ಕೊಯ್ದ್ರ ಅಕ್ಕನ ಕೂಸು ಸಾಯ್ತದ. ನಾ ಕೊಡೂದಿಲ್ಲ!" ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ತುಟಿ ಕಚ್ಚಿ ಹಿಡಿದಿದ್ದಳು.

ಮಗ ಮೇಲೆ ಓಡಿ ಕಾಕುವಿನ ಹತ್ತಿರ ಚಾಕು ಕೇಳಿದ. "ಇವತ್ತೇ? ಶಿವ ಶಿವ!" ಎಂದು ಕಾಕು ಬಾಗಿಲು ಮುಚ್ಚಿಕೊಂಡರಂತೆ.

ನಾನು ಕಿಸೆಗೆ ಕೈ ಹಾಕಿದೆ. ಅಡಕತ್ತರಿ ತೆಗೆದು ಚಾಚಿದೆ.

ಹೆಂಡತಿ ಅದನ್ನು ನೋಡಿದಳು. ನನ್ನನ್ನು ನೋಡಿದಳು. "ಮುಂಜಾನಿಂದ ಕಿಸೆದಾಗಿತ್ತೇನು?"

"ಹೂಂ."

"ಅಡಿಕಿ ಒತ್ತೀರೇನು?"

"ಒಂದ."

ಬೈಯಲು ಅವಳಿಗೆ ಹೊತ್ತಿರಲಿಲ್ಲ. ಕಸಿದುಕೊಂಡು ಒಳಗೆ ಹೋದಳು. ಕುದಿಯುವ ನೀರಿಗೆ ಅದು ಬಿದ್ದ ಸಪ್ಪಳ ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ನಾನು ಕೈಯಲ್ಲಿದ್ದ ಉಂಡಿಯನ್ನು ಹಿಡಿದೇ ಇದ್ದೆ. ಅದು ಪುಡಿಯಾಗಿ ಬೆರಳ ಸಂದಿನಿಂದ ಉದುರಿತು. ಆಮೇಲೆ, ಕಟಕ್. ಕೂಸಿನ ಬೆನ್ನಿಗೆ ಹೊಡೆದ ಒಂದು ಪೆಟ್ಟಿನ ಸದ್ದು. ಎರಡನೆಯ ಪೆಟ್ಟಿಗೆ ಕೂಸು ಅತ್ತಿತು. ವಾಡೆಯೆಲ್ಲ ಕೇಳುವಂತೆ ಅತ್ತಿತು.

ನಾನು ಕೂತುಬಿಟ್ಟೆ.

ಸ್ವಲ್ಪ ಹೊತ್ತಿಗೆ ಹೆಂಡತಿ ಬಂದು ಹೇಳಿದಳು. "ಹೆಣ್ಣು. ಇಬ್ಬರೂ ಗಟ್ಟಿ ಇದ್ದಾರ." ಆಮೇಲೆ ಕಿರಿಯವಳ ಕಡೆ ತಿರುಗಿದಳು. "ಈಗರೆ ಹೇಳವ್ವ, ಗಂಟು ಎಲ್ಲಿಟ್ಟಿದ್ದಿ?"

"ಅಕ್ಕನ ಕೋಣ್ಯಾಗ. ಕೌದಿ ಒಟ್ಟಿದ್ದಿಯಲ್ಲ, ಅದರ ಬುಡಕ."

ಆ ಕೌದಿಗಳ ಮೇಲೆ ಸೂಲಗಿತ್ತಿ ಕೂತಿದ್ದಳು. ಅಷ್ಟು ಹೊತ್ತೂ ಒಂದು ಈಳಿಗೆ, ಎರಡು ಚಾಕು, ಒಂದು ಕತ್ತರಿ, ಒಂದು ಕುಡಗೋಲು, ಒಂದು ಕ್ಷೌರದ ಕತ್ತಿಯ ಮೇಲೆ ಕೂತು ಚಾಕು ಚಾಕು ಎಂದು ಅರಚಿದ್ದಳು.

ಎಲ್ಲ ಮುಗಿಯಿತು ಎಂದುಕೊಂಡೆ. ಸಂಜೆ ಕಿರಿಯವಳು ಕಾಣಲಿಲ್ಲ. ಹುಡುಕಿದೆ. ಮಣ್ಣಿನ ನಾಗಪ್ಪನ ಮುಂದೆ ಕೂತಿದ್ದಳು. ಎರಡು ಉಂಡಿ ಇಟ್ಟು, ಕೈ ಮುಗಿದು, ಮೆಲ್ಲಗೆ ಹೇಳುತ್ತಿದ್ದಳು:

"ನಾಗಪ್ಪಾ, ಕೂಸಿಂದು ಏನೂ ತಪ್ಪಿಲ್ಲ. ಅಕ್ಕಂದೂ ಇಲ್ಲ. ಅಡಕತ್ತರಿ ಅಪ್ಪಂದು. ಅಕ್ಕ ಒಳಗಿನ ಕೋಣ್ಯಾಗ ಇರತಾಳ, ಅಲ್ಲಿ ಹೋಗಬ್ಯಾಡ. ಅಪ್ಪ ಪಡಸಾಲ್ಯಾಗ ಮಲಗತಾನ. ಬಾಗಲದ ಬಲಕ್ಕ, ಚಾಪಿ ಮ್ಯಾಲ."

ಮರುದಿನವೇ ನಾನೊಂದು ಮಂಚ ಕೊಂಡುತಂದೆ.