ದವಾಖಾನೆಯ ಟೇಬಲ್ ಮೇಲಿನ ರೈಲು

ಕೆಲವರಿಗೆ ಒಂದೇ ಕೆಲಸ ಮತ್ತೆ ಮತ್ತೆ ಗಂಟುಬೀಳುತ್ತದೆ. ನನಗೆ ಗಂಟುಬಿದ್ದದ್ದು ಒಂದು ಆಟಿಕೆ ರೈಲು ಎಂಜಿನ್ನಿಗೆ ಬಿಡಿಭಾಗ ಹುಡುಕುವುದು.

ಎಪ್ಪತ್ತರ ದಶಕದಲ್ಲಿ ನಾನು ದೇವದುರ್ಗದ ಒಬ್ಬ ಡಾಕ್ಟರ ಹತ್ತಿರ ಕಂಪೌಂಡರ್ ಆಗಿ ಸೇರಿದೆ. ಅವರ ತಂದೆ ನಿಜಾಮರ ಕಾಲದಲ್ಲಿ ಹೈದರಾಬಾದಿನಿಂದ ತಂದ, ಚಾವಿ ಕೊಟ್ಟರೆ ಓಡುವ ಎಂಜಿನ್ ಅದು. ಸೂಜಿ ಹಾಕುವ ಕೋಣೆಯ ಟೇಬಲ್ ಮೇಲೆ ಹಳಿ ಹಾಸಿ ಬಿಡುತ್ತಿದ್ದೆವು. ಮಕ್ಕಳು ಬಾಯಿ ತೆರೆದು ಅದನ್ನೇ ನೋಡುವಾಗ ಡಾಕ್ಟರು ಸೂಜಿ ಚುಚ್ಚಿ ಮುಗಿಸಿರುತ್ತಿದ್ದರು. ಎಂಜಿನ್ ಕೆಟ್ಟ ದಿನ ಮಕ್ಕಳ ಅಳು ಬಸ್ ಸ್ಟ್ಯಾಂಡಿನವರೆಗೆ ಕೇಳುತ್ತಿತ್ತು.

"ಏನರ ಮಾಡು, ಇದು ಓಡಬೇಕು," ಅನ್ನುತ್ತಿದ್ದರು ಡಾಕ್ಟರು. ಅದರ ಭಾಗಗಳು ಅಂಗಡಿಯಲ್ಲಿ ಸಿಗುವ ಕಾಲ ಎಂದೋ ಮುಗಿದಿತ್ತು. ಆದರೂ ಬರಿಗೈಲಿ ವಾಪಸ್ ಬರಬಾರದೆಂದು ನಾನು ಹಟ ಹಿಡಿದಿದ್ದೆ.

ಚಾವಿ

ಮೊದಲು ಕಳೆದದ್ದು ಚಾವಿ. ರಾಯಚೂರಿಗೆ ಹೋಗಿ, ಗಡಿಯಾರ ರಿಪೇರಿ ಮಾಡುವ ಒಬ್ಬ ಹಿರಿಯ ಸಾಹೇಬರ ಮುಂದೆ ಕೂತೆ.

"ಯಾವ ಗಡಿಯಾರದ್ದು ಬೇಕ್ರೀ?"

"ಗಡಿಯಾರದ್ದಲ್ಲ ಚಾಚಾ, ನಮ್ಮ ದೇವದುರ್ಗದ ರೈಲಿಂದು."

ನಾನು ಚೀಲದಿಂದ ತೆಗೆದ ಎಂಜಿನ್ನಿಗೆ ಅವರು ತಲೆಯೆತ್ತದೆ ಡಬ್ಬಿಯಲ್ಲಿದ್ದ ಚಾವಿಗಳನ್ನು ಒಂದೊಂದಾಗಿ ಹಾಕಿ ನೋಡಿ, ಕೊನೆಗೆ ಸರಿಹೊಂದುವುದನ್ನು ಕೊಟ್ಟರು. ನಮ್ಮ ಮಾತು ಪಕ್ಕದ ಗಿರಾಕಿಗಳ ಕಿವಿಗೂ ಬಿದ್ದಿತ್ತು. ಸಂಜೆ ಬಸ್ಸಿನಲ್ಲಿ ಪಕ್ಕ ಕೂತವರು ಕೇಳಿದರು:

"ದೇವದುರ್ಗಕ್ಕ ರೈಲು ಬಂದದಂತಲ್ರೀ. ಸ್ಟೇಷನ್ ಎಲ್ಲಿ ಕಟ್ಯಾರ?"

ನಮ್ಮೂರಿಗೆ ಹಳಿಯ ಒಂದು ತುಂಡೂ ಬಂದಿರಲಿಲ್ಲ. "ಡಾಕ್ಟರ ಟೇಬಲ್ ಮ್ಯಾಲ," ಅಂದೆ. ಅವರು ಗಂಟು ಎತ್ತಿಕೊಂಡು ಹಿಂದಿನ ಸೀಟಿಗೆ ಹೋದರು.

ಸ್ಪ್ರಿಂಗ್

ಆಮೇಲೆ ಒಳಗಿನ ಸ್ಪ್ರಿಂಗ್ ಮುರಿಯಿತು. ಮಾನ್ವಿಯಲ್ಲಿ ಅಕ್ಕಿ ಗಿರಣಿ ಯಜಮಾನರೊಬ್ಬರು ಕೆಟ್ಟ ಗೋಡೆ ಗಡಿಯಾರವೊಂದನ್ನು ಕೊಟ್ಟರು. ಅದರ ಸ್ಪ್ರಿಂಗನ್ನೇ ಒತ್ತಿ ತುರುಕಿದೆ. ಚಾವಿ ಪೂರ್ತಿ ತಿರುವಿ ಬಿಟ್ಟದ್ದೇ ತಡ, ಎಂಜಿನ್ ಹಳಿ ಬಿಟ್ಟು ಹಾರಿ, ಬಾಗಿಲು ದಾಟಿ ಹೊರಗಿನ ಬೆಂಚಿನ ಕಡೆ ಹೋಯಿತು.

ಅಲ್ಲಿ ಒಬ್ಬ ಮುದುಕಪ್ಪ ಕೂತಿದ್ದರು. ಮೊಣಕಾಲು ನೋವೆಂದು ಇಬ್ಬರು ಮಕ್ಕಳು ಹೆಗಲು ಕೊಟ್ಟು ಕರೆತಂದಿದ್ದರು. ಎಂಜಿನ್ ಕಂಡದ್ದೇ ಮುದುಕಪ್ಪ ಒಂದೇ ನೆಗೆತಕ್ಕೆ ಬೆಂಚಿನ ಮೇಲೆ ನಿಂತರು.

ಡಾಕ್ಟರು ಹೊರಗೆ ಬಂದು ನೋಡಿದರು. "ಯಪ್ಪಾ, ಇಳೀರಿ. ನನ್ನ ಔಷಧ ಇಷ್ಟು ಜಲ್ದಿ ಹತ್ತೂದಿಲ್ಲ."

ಗಾಲಿ

ಎಂಬತ್ತರ ದಶಕದಲ್ಲಿ ಒಂದು ಗಾಲಿ ಒಡೆಯಿತು. ಶಕ್ತಿನಗರದ ಕಡೆ ಲೋಹ ಕಡೆಯುವ ಲೇತ್ ಯಂತ್ರ ಇಟ್ಟುಕೊಂಡಿದ್ದವನಿಗೆ ಔಷಧದ ಚೀಟಿಯ ಮೇಲೆ ಗಾಲಿ ಬರೆದು ಕೊಟ್ಟೆ. ಅಳತೆ ಮೂರು ಎಂದು ಬರೆದವನು ಸೆಂಟಿಮೀಟರ್ ಎಂದು ಬರೆಯಲು ಮರೆತೆ. ಅವನು ಇಂಚು ಅಂದುಕೊಂಡ.

ವಾರ ಬಿಟ್ಟು ಹೋದರೆ ಅಂಗೈಯಗಲದ ಹಿತ್ತಾಳೆ ಗಾಲಿ ಥಳಥಳ ಹೊಳೆಯುತ್ತಿತ್ತು. ಚೀಲದಿಂದ ಎಂಜಿನ್ ತೆಗೆದು ಅದರ ಪಕ್ಕ ಇಟ್ಟೆ. ಅವನು ಎರಡನ್ನೂ ಕೈಯಲ್ಲಿ ತಿರುಗಿಸಿ ನೋಡಿದ.

"ಗಾಲಿ ಬರೋಬರಿ ಅದರೀ. ಎಂಜಿನ್ನ ಸಣ್ಣದಾಗ್ಯದ."

ಸೂಜಿ

ಎರಡನೇ ಸಲ ಗಾಲಿಯ ಅಳತೆ ಸರಿಬಂತು, ನಡುವಿನ ತೂತು ಮಾತ್ರ ಕೂದಲೆಳೆಯಷ್ಟು ಬಿಗಿ. ಇನ್ನೊಮ್ಮೆ ಶಕ್ತಿನಗರಕ್ಕೆ ಹೋಗಲು ನಾನು ಚೀಲ ಹಿಡಿದೆ. "ಬ್ಯಾಡ, ನಾನೇ ಉಜ್ಜತೀನಿ," ಅಂದು ಡಾಕ್ಟರು ಲೋಹ ಉಜ್ಜುವ ಅರ ಹಿಡಿದು ಕೂತರು. ಅರ ಜಾರಿ ಅಂಗೈಗೆ ಹೊಕ್ಕಿತು. ತುಕ್ಕು ಹಿಡಿದ ಅರ, ಧನುರ್ವಾಯುವಿನ ಸೂಜಿ ಹಾಕಲೇಬೇಕು.

ಇಡೀ ತಾಲೂಕಿಗೆ ಸೂಜಿ ಚುಚ್ಚಿದ ಮನುಷ್ಯ ನನ್ನ ಕೈಯಲ್ಲಿ ಸಿರಿಂಜ್ ನೋಡಿ ಬೆವರಿದರು.

"ತಡಿ. ಮೊದ್ಲು ಎಂಜಿನ್ ಬಿಡು."

"ಅದರ ಗಾಲಿ ನಿಮ್ಮ ಕೈಯಾಗ ಅದರೀ ಸರ್."

ಅವರು ಗಾಲಿ ನೋಡಿದರು, ಸೂಜಿ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, "ಹಂಗಾದ್ರ ನೀನ ಓಡು," ಅಂದರು.

ಸಿರಿಂಜ್ ಮೇಲೆತ್ತಿ ಹಿಡಿದು ಚುಕುಬುಕು ಅನ್ನುತ್ತ ಟೇಬಲ್ಲಿಗೆ ಎರಡು ಸುತ್ತು ಹಾಕಿದೆ. ಅವರು ಬಾಯಿ ತೆರೆದು ನೋಡುತ್ತಲೇ ಇದ್ದರು. ಮೂರನೇ ಸುತ್ತಿನಲ್ಲಿ "ಕೂ" ಎಂದು ಕೂಗಿ ಚುಚ್ಚಿಬಿಟ್ಟೆ. ಅವರಿಗೆ ಗೊತ್ತೇ ಆಗಲಿಲ್ಲ.

ಹೊರಗೆ ಬಂದರೆ ಬೆಂಚಿನ ಮೇಲೆ ಕೂಸು ಕಟ್ಟಿಕೊಂಡು ಕೂತಿದ್ದ ಒಬ್ಬ ತಾಯಿ ಕೇಳಿದಳು:

"ರೈಲು ರಿಪೇರಿ ಆತೇನ್ರೀ? ದನಿ ಭಾಳ ಕಟ್ಟಿದಂಗದ. ಅದಕ್ಕೂ ಒಂದು ಸೂಜಿ ಹಾಕ್ರಿ."