ನಿಂತ ಅಧ್ಯಕ್ಷರು, ಕೂತ ಮೇಷ್ಟ್ರಮ್ಮ

ಸಣ್ಣ ಊರಿನ ಕ್ಲಬ್ಬುಗಳಲ್ಲಿ ಆಡುವುದಕ್ಕಿಂತ ಆಡಿಕೊಳ್ಳುವುದೇ ಹೆಚ್ಚು. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಆ ವರ್ಷಗಳಲ್ಲಿ ಹೊಳೆನರಸೀಪುರದ ನಮ್ಮ ಬಾಲ್ ಬ್ಯಾಡ್ಮಿಂಟನ್ ಕ್ಲಬ್ಬಿಗೆ ನಾನು ಕಾರ್ಯದರ್ಶಿ. ಹಗಲೆಲ್ಲ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತಿಕೆ. ಸಂಜೆಯಾದರೆ ಬಲೆಯ ಆ ಕಡೆ ಐವರು, ಈ ಕಡೆ ಐವರು ನಿಂತು ಉಲ್ಲನ್ ಚೆಂಡು ಬಡಿಯುವುದು. ಅಧ್ಯಕ್ಷರು ಊರಿನ ಹಿರಿಯ ವಕೀಲರು, ಹೆಂಡತಿ ತೀರಿಕೊಂಡು ಹತ್ತು ವರ್ಷವಾಗಿತ್ತು. ಕ್ಲಬ್ಬಿನ ನಿಯಮಗಳನ್ನೆಲ್ಲ ಬರೆದವರು ಅವರೇ. ಅದರಲ್ಲೊಂದು ಹೀಗಿತ್ತು: 'ಪೇಟೆಯವರ ಬಾಯಿಗೆ ಬಿದ್ದ ಪದಾಧಿಕಾರಿಯು ಕೂಡಲೇ ರಾಜೀನಾಮೆ ಕೊಡತಕ್ಕದ್ದು.' ಆ ಸಂಜೆಗಳನ್ನು ನೆನೆದರೆ ನನಗೆ ಮೊದಲು ನಗು ಬರುತ್ತದೆ, ಆಮೇಲೆ ಸಂಕಟವಾಗುತ್ತದೆ.

ಮಫ್ಲರು

ಯುದ್ಧದಿಂದಾಗಿ ಅಂಗಡಿಯಲ್ಲಿ ಚೆಂಡು ಸಿಗುತ್ತಿರಲಿಲ್ಲ. ಹಳೆಯ ಉಲ್ಲನ್ ಬಿಚ್ಚಿ ಚೆಂಡು ಸುತ್ತುವುದು ಹೆಣ್ಣುಮಕ್ಕಳ ಸ್ಕೂಲಿನ ಮೇಷ್ಟ್ರಮ್ಮನಿಗೆ ಗೊತ್ತಿತ್ತು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಮೈಸೂರಿಗೆ ಹೋಗಿ ಓದಿ ಬಂದ ಹೆಂಗಸು. ಪ್ರತಿ ಭಾನುವಾರ ಅಧ್ಯಕ್ಷರು ಖುದ್ದಾಗಿ ಹೋಗಿ ಹರಕು ಚೆಂಡು ಕೊಟ್ಟು ಹೊಸದು ತರುತ್ತಿದ್ದರು. ಒಂದು ಚೆಂಡು ತರುವುದಕ್ಕೆ ಎರಡು ಗಂಟೆ ಯಾಕೆ ಬೇಕೆಂದು ನಾವ್ಯಾರೂ ಕೇಳಲಿಲ್ಲ.

ಒಮ್ಮೆ ಅರಕಲಗೂಡಿನವರ ಮೇಲೆ ಪಂದ್ಯ. ಮಾಗಿಯ ಚಳಿ. ಹೊಡೆತಕ್ಕೆ ಚೆಂಡು ಬಲೆ ದಾಟುವಾಗಲೇ ಬಿಚ್ಚಿಕೊಂಡು, ಉಂಡೆ ಅವರ ಕಡೆ ಬಿತ್ತು, ಎಳೆಯ ತುದಿ ನಮ್ಮ ಕಡೆ ಉಳಿಯಿತು. ಅವರ ಆಟಗಾರನೊಬ್ಬ ಆ ಎಳೆ ಹಿಡಿದು, ನಮ್ಮ ಅಧ್ಯಕ್ಷರ ಬರಿ ಕುತ್ತಿಗೆ ನೋಡಿ ಕೇಳಿದ: "ಸಾ, ಇದು ನಿಮ್ ಮಫ್ಲರ್ ಬಣ್ಣ ಅಲ್ವಾ?"

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಚೆಂಡು ಕೆಟ್ಟದ್ದು ನಮ್ಮಿಂದ, ಪಾಯಿಂಟು ನಿಮ್ಮದು. ಮಫ್ಲರಿನ ವಿಚಾರ ಈ ಪಂದ್ಯದ ವ್ಯಾಪ್ತಿಗೆ ಬರುವುದಿಲ್ಲ."

ಗಾಜಿನ ಪೆಟ್ಟಿಗೆ

ನಮ್ಮ ಕ್ಲಬ್ಬಿನ ಸದಸ್ಯರಾದ ಜವಳಿ ಅಂಗಡಿ ಶೆಟ್ಟರು ಸರಕು ತರಲು ಹಾಸನಕ್ಕೆ ಹೋಗಿದ್ದವರು ನೆಟ್ಟಗೆ ನನ್ನ ಕಚೇರಿಗೇ ಬಂದರು.

"ಸಾ, ನಮ್ ಅಧ್ಯಕ್ಷರು ಆಸನದಲ್ಲಿ ಫೋಟೋ ಅಂಗಡಿ ಗಾಜಿನ ಪೆಟ್ಟಿಗೇಲವ್ರೆ."

"ಒಬ್ಬರೇನಾ?"

"ಒಬ್ರೇ ಇದ್ದಿದ್ರೆ ನಾನ್ಯಾಕ್ ಓಡ್ಬತ್ತಿದ್ದೆ? ಮೇಷ್ಟ್ರಮ್ಮಾನೂ ಅವ್ರೆ. ಅದಾದ್ರೂ ಓಗ್ಲಿ ಸಾ, ಆಯಮ್ಮ ಕುರ್ಚಿ ಮ್ಯಾಲೆ ಕೂತವ್ರೆ, ಇವ್ರು ಇಂದ್ಗಡೆ ನಿಂತವ್ರೆ."

ಗಂಡು ಕೂತು ಹೆಣ್ಣು ನಿಂತ ಫೋಟೋಗಳನ್ನಷ್ಟೇ ಕಂಡಿದ್ದ ಊರು ನಮ್ಮದು. ಇಬ್ಬರೂ ಕದ್ದು ಹೋಗಿ ಫೋಟೋ ತೆಗೆಸಿದ್ದನ್ನಾದರೂ ಜನ ಕ್ಷಮಿಸುತ್ತಿದ್ದರೇನೋ, ಅವರು ನಿಂತದ್ದನ್ನು ಕ್ಷಮಿಸಲಿಲ್ಲ.

ಆ ಭಾನುವಾರ, ಹಲ್ಲು ಕೀಳಿಸಬೇಕೆಂದು ಮನೆಯಲ್ಲಿ ಸುಳ್ಳು ಹೇಳಿ ನಾನೂ ಹಾಸನದ ರೈಲು ಹತ್ತಿದೆ. ಫೋಟೋ ಅಂಗಡಿ ಮುಂದೆ ನಮ್ಮ ಕ್ಲಬ್ಬಿನವರೇ ಆರು ಜನ. ಎಲ್ಲರಿಗೂ ಹಲ್ಲುನೋವು. ನಾನು ಇಣುಕಿ ನೋಡಿದೆ. ಮೇಷ್ಟ್ರಮ್ಮ ನಕ್ಕದ್ದನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ. ಅಧ್ಯಕ್ಷರ ಕೈ ಕುರ್ಚಿಯ ಬೆನ್ನಿನ ಮೇಲಿತ್ತು. ಕೈಗೂ ಆಕೆಯ ಭುಜಕ್ಕೂ ನಾಲ್ಕು ಬೆರಳಷ್ಟು ದೂರ. ಆ ನಾಲ್ಕು ಬೆರಳನ್ನು ಎಷ್ಟು ವರ್ಷದಿಂದ ಕಾಪಾಡಿಕೊಂಡು ಬಂದಿದ್ದರೋ ಅನ್ನಿಸಿ ನನಗೆ ನಗಲಾಗಲಿಲ್ಲ.

ಶೆಟ್ಟರು ಅಂಗಡಿಯವನಿಗೆ, "ತೆಗುದ್ಬುಡಪ್ಪ, ನಮ್ಮೂರ್ ಮರ್ವಾದೆ ಓಯ್ತದೆ" ಎಂದರು.

"ತೆಗೆಯೋಕಾಗಲ್ಲ ಸ್ವಾಮಿ. ಇದನ್ನ ಇಟ್ಟ ಮೇಲೆ ನಿಮ್ಮೂರಿನ ಗಿರಾಕಿಗಳೇ ಜಾಸ್ತಿ. ಹೇಗೂ ಬಂದಿದೀರಿ, ಒಂದು ಗ್ರೂಪ್ ಫೋಟೋ ತೆಗೆಸ್ಕೊಳ್ಳಿ."

ತೆಗೆಸಿಕೊಂಡೆವು.

ರಾಜೀನಾಮೆ

ನಿಯಮದಂತೆ ಅಧ್ಯಕ್ಷರೇ ಸಭೆ ಕರೆದು, ತಮ್ಮ ರಾಜೀನಾಮೆಯನ್ನು ತಾವೇ ಓದಿದರು. ಶೆಟ್ಟರು ಎದ್ದು ಕೈಮುಗಿದರು.

"ಇದೆಲ್ಲ ಯಾಕ್ ಸಾ? ಆಯಮ್ಮ ನಮ್ಗೆ ದೂರದ್ ಸಂಬಂಧ ಅಂದ್ಬುಡಿ. ನಾವೂ ಊರ್ಗೆಲ್ಲ ಅದ್ನೇ ಯೋಳ್ತೀವಿ."

ಎಲ್ಲರೂ ಅವರ ಬಾಯನ್ನೇ ನೋಡುತ್ತಿದ್ದೆವು. ಆ ಒಂದು ಮಾತು ಹೇಳಿದ್ದರೆ ಅವರು ನಮಗೆ ಉಳಿಯುತ್ತಿದ್ದರು. ಹೇಳಿಬಿಡಲಿ ಎಂದು ನಾನು ಮನೆದೇವರಿಗೆ ಹರಸಿಕೊಂಡೆ.

"ದೂರದ್ದಲ್ಲ ಶೆಟ್ಟರೇ, ಹತ್ತಿರದ್ದೇ. ಬರೋ ತಿಂಗಳು ಮದುವೆ."

ಶೆಟ್ಟರು ಮೆಲ್ಲಗೆ ಕೇಳಿದರು: "ಮದ್ವೆ ಆಗ್ಲಿ ಸಾ, ಒಳ್ಳೇದೇ. ಆದ್ರೆ ಫೋಟೋದಲ್ಲಿ ನೀವ್ಯಾಕ್ ನಿಂತ್ಕಂಡ್ರಿ?"

"ಆಕೆ ದಿನವೆಲ್ಲ ಸ್ಕೂಲಲ್ಲಿ ನಿಂತೇ ಇರ್ತಾರೆ. ಒಂದು ದಿನ ಕೂತ್ಕೊಳ್ಳಲಿ ಅಂತ."

ಆಮೇಲೆ ಅವರು, ರಾಜೀನಾಮೆಯನ್ನು ಅಂಗೀಕರಿಸಬೇಕೆಂದು ಯಾರಾದರೂ ಸೂಚಿಸಿ ಎಂದರು. ಒಂದು ಕೈಯೂ ಮೇಲೇಳಲಿಲ್ಲ. "ಇಷ್ಟು ವರ್ಷ ನಿಮಗೆ ಸಭೆ ನಡೆಸೋದು ಕಲಿಸಿದ್ದು ಇದಕ್ಕಾ?" ಎಂದು ಬೈದು ಎದ್ದು ಹೋದರು. ನಾನು ನಡವಳಿ ಪುಸ್ತಕದಲ್ಲಿ 'ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಗಿದೆ' ಎಂದು ಬರೆದೆ. ಅಧ್ಯಕ್ಷರಿಲ್ಲದೆ ಸಭೆ ಮುಗಿಸುವುದು ಹೇಗೆಂದು ಗೊತ್ತಿದ್ದದ್ದು ಅಧ್ಯಕ್ಷರೊಬ್ಬರಿಗೇ. ಹಾಗಾಗಿ ದೀಪ ಹಚ್ಚುವ ಹೊತ್ತಿನವರೆಗೂ ಸುಮ್ಮನೆ ಕೂತಿದ್ದೆವು.

ಇದ್ದಿಲು ಬಸ್ಸು

ಮದುವೆಯಾದ ಎರಡೇ ವಾರಕ್ಕೆ ಮೇಷ್ಟ್ರಮ್ಮನಿಗೆ ಚನ್ನರಾಯಪಟ್ಟಣದ ಕಡೆಯ ಬಾಗೂರಿಗೆ ವರ್ಗವಾಯಿತು. ಹೆಂಡತಿಯ ವರ್ಗಕ್ಕೆ ಗಂಡ ಗಂಟುಮೂಟೆ ಕಟ್ಟಿದ್ದನ್ನು ಊರು ಅದೇ ಮೊದಲು ನೋಡಿದ್ದು. ಇನ್ನು ಮುಂದೆ ಅವರು ಚನ್ನರಾಯಪಟ್ಟಣದ ಕೋರ್ಟಿನಲ್ಲೇ ವಕೀಲಿ ಮಾಡುವುದೆಂದಾಯಿತು.

ಬೀಳ್ಕೊಡಲು ಕ್ಲಬ್ಬಿಗೆ ಕ್ಲಬ್ಬೇ ಬಸ್ಸಿನ ಹತ್ತಿರ ಸೇರಿತ್ತು. ಪೆಟ್ರೋಲಿಲ್ಲದ ಕಾಲ, ಇದ್ದಿಲಿನ ಹೊಗೆಯಿಂದ ಓಡುವ ಬಸ್ಸು. ಎಷ್ಟು ಊದಿದರೂ ಹೊರಡಲಿಲ್ಲ. ಇದು ಹೊರಡದೇ ಹೋಗಲಿ ಎಂದು ನಾನು ಒಳಗೊಳಗೇ ಬಯಸುತ್ತಿದ್ದೆ. ಅಷ್ಟರಲ್ಲಿ ಡ್ರೈವರು ಕೂಗಿದ: "ಏನ್ ನೋಡ್ತಾ ನಿಂತಿದೀರಿ? ಒಸಿ ತಳ್ರಪ್ಪ."

ಹೋಗಬೇಡಿ ಎಂದು ಯಾರ ಕೈ ಹಿಡಿದುಕೊಳ್ಳಬೇಕೆಂದಿದ್ದೆವೋ ಅವರನ್ನು ನಾವೇ ಮೈಯೆಲ್ಲ ಮಸಿಯಾಗಿ ತಳ್ಳಿ ಕಳಿಸಿದೆವು. ಬಸ್ಸು ಹೋದಮೇಲೆ ಶೆಟ್ಟರು ಕಣ್ಣೊರೆಸಿಕೊಂಡು, "ಒಗೆ ಸಾ" ಎಂದರು. ಹೊಗೆ ಆಗಲೇ ಸೇತುವೆ ದಾಟಿತ್ತು.

ನಮ್ಮವರು ಅವರ ಕಡೆ

ಮಾರನೆಯ ವರ್ಷ ಚನ್ನರಾಯಪಟ್ಟಣದಲ್ಲಿ ಪಂದ್ಯ. ನೋಡಿದರೆ ಎದುರು ಪಕ್ಷದಲ್ಲಿ ನಮ್ಮ ಅಧ್ಯಕ್ಷರು, ಕುತ್ತಿಗೆಗೆ ಹೊಸ ಮಫ್ಲರು ಸುತ್ತಿಕೊಂಡು ನಿಂತಿದ್ದರು. ಮೇಷ್ಟ್ರಮ್ಮ ಅಂಗಳದ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಾವು ಚೆನ್ನಾಗಿ ಸೋಲುತ್ತಿದ್ದೆವು. ಆಗ ಶೆಟ್ಟರು ಆಟ ನಿಲ್ಲಿಸಿದರು.

"ತಡೀರಿ ಸಾ. ಇವ್ರ ರಾಜೀನಾಮೆ ನಾವಿನ್ನೂ ಒಪ್ಕಂಡಿಲ್ಲ. ನಮ್ಮೋರು ಬ್ಯಾರೆ ಕ್ಲಬ್ ಕಡೆ ಆಡಂಗಿಲ್ಲ ಅಂತ ರೂಲ್ಸೇ ಅದೆ."

ಅಂಪೈರು ತಲೆ ಕೆರೆದುಕೊಂಡು, ನಿಮ್ಮ ಕ್ಲಬ್ಬಿನ ತಕರಾರು ನಿಮ್ಮ ಅಧ್ಯಕ್ಷರೇ ತೀರ್ಮಾನಿಸಲಿ ಎಂದರು. ಅಧ್ಯಕ್ಷರು ಬ್ಯಾಟು ಕಂಕುಳಲ್ಲಿಟ್ಟುಕೊಂಡು, ಕನ್ನಡಕ ಹಾಕಿ, ಪಂದ್ಯಕ್ಕೂ ನಾನು ಹೊತ್ತು ತಂದಿದ್ದ ನಡವಳಿ ಪುಸ್ತಕವನ್ನು ಇಸಿದುಕೊಂಡರು. ಪುಟದ ಮೇಲೆ ಪುಟ, 'ಮುಂದೂಡಲಾಗಿದೆ', 'ಮುಂದೂಡಲಾಗಿದೆ'. ಎಲ್ಲ ನನ್ನದೇ ಅಕ್ಷರ.

"ಇದೇನಪ್ಪ ಹೀಗೆ ಮಾಡಿದೀಯ?"

"ಒಪ್ಪಿದೆ ಅಂತ ಬರೆಯೋಕೆ ಕೈ ಬರಲಿಲ್ಲ ಸಾರ್. ನೀವಿಲ್ಲದೆ ಆಟವೇ ಬೇಡ ಅನ್ನಿಸುತ್ತೆ."

ಅವರು ಕನ್ನಡಕ ತೆಗೆದು ಹೊಸ ಮಫ್ಲರಿನಲ್ಲಿ ಬಹಳ ಹೊತ್ತು ಒರೆಸಿದರು. ಆಮೇಲೆ ಕೋರ್ಟಿಗೆ ಕೇಳಿಸುವಂಥ ಗಂಟಲಿನಲ್ಲಿ, "ತಕರಾರು ಸರಿಯಾಗಿದೆ. ಈ ಆಟಗಾರನನ್ನು ಹೊರಗೆ ಕಳಿಸಲಾಗಿದೆ" ಎಂದು ತೀರ್ಪು ಕೊಟ್ಟು, ತಾವೇ ಹೊರಗೆ ಹೋಗಿ ಮೇಷ್ಟ್ರಮ್ಮನ ಕುರ್ಚಿಯ ಹಿಂದೆ ನಿಂತರು. ಕೈ ಈಗ ಭುಜದ ಮೇಲೇ ಇತ್ತು. ಅವರ ಕಡೆ ನಾಲ್ಕೇ ಜನ ಉಳಿದಿದ್ದರೂ ನಾವು ಸೋತೆವು.

ಹೊರಡುವಾಗ ಅವರು, "ಈಗಲಾದರೂ ಅಂಗೀಕರಿಸಿ ಬಿಡಪ್ಪ" ಎಂದರು.

ಮೇಷ್ಟ್ರಮ್ಮ ಕೂತಲ್ಲಿಂದಲೇ, "ಬೇಡ, ಹಾಗೇ ಇಟ್ಟಿರಿ" ಎಂದರು. "ಮನೆಯಲ್ಲಂತೂ ಅಧ್ಯಕ್ಷತೆ ನನ್ನದು. ಪಾಪ, ಇವರಿಗೂ ಎಲ್ಲಾದರೂ ಒಂದು ಕಡೆ ಇರಲಿ."

ಈಗ ಅವರಿಬ್ಬರೂ ಇಲ್ಲ, ಶೆಟ್ಟರಿಲ್ಲ, ಕ್ಲಬ್ಬೂ ಇಲ್ಲ. ನಡವಳಿ ಪುಸ್ತಕ ನನ್ನ ಟ್ರಂಕಿನಲ್ಲಿದೆ. ರಾಜೀನಾಮೆಯ ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಗಿದೆ.